ಕೈಗಾರಿಕೆ ಮತ್ತು ಸಾಮ್ರಾಜ್ಯದ ಯುಗ: ಈ ವಿಡಿಯೊ ಕೋರ್ಸ್ ನೋಡಬಹುದಾ?

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಸ್ ಚೆನ್ನಾಗಿದೆ, ಐದಕ್ಕೆ ನಾಲ್ಕು ಕೊಡುತ್ತೇನೆ. ಪರೀಕ್ಷೆಗೆ ಓದುವವರಿಗೆ ಮಾತ್ರ ಅಲ್ಲ, ಕೆಲವು ದೇಶಗಳು ಯಾಕೆ ಅಷ್ಟು ಶ್ರೀಮಂತ, ಕೆಲವು ಯಾಕೆ ಇನ್ನೂ ಒದ್ದಾಡುತ್ತಿವೆ ಅಂತ ತಿಳಿದುಕೊಳ್ಳುವ ಆಸೆ ಇರುವ ಯಾರಿಗಾದರೂ ಕೆಲಸಕ್ಕೆ ಬರುತ್ತದೆ. ಪಾಠ ಕನ್ನಡದಲ್ಲೇ ಇದೆ. ಮಾತು ಸರಳ. ನಕ್ಷೆಗಳು ಸ್ಪಷ್ಟ. ಆದರೆ ಆ ಒಂದು ಅಂಕ ಕಡಿಮೆ ಮಾಡಿದ್ದು ಸಣ್ಣ ಕಾರಣಕ್ಕಲ್ಲ, ಅದನ್ನೇ ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು.

ಕೋರ್ಸನ್ನು ಎರಡು ಭಾಗ ಮಾಡಿದ್ದಾರೆ. ಮೊದಲನೆಯದು ಕೈಗಾರಿಕೆ: ಹಬೆಯಂತ್ರ, ಗಿರಣಿ, ಕಾರ್ಮಿಕರು, ಮತದಾನದ ಹಕ್ಕಿನ ಹೋರಾಟ. ಎರಡನೆಯದು ಸಾಮ್ರಾಜ್ಯ: ಭಾರತ, ಚೀನಾ, ಆಫ್ರಿಕಾ. ಮೊದಲ ಭಾಗ ಮುಗಿದು ಸಂಗೀತ ಬಂದು, ಎರಡನೇ ಭಾಗದಲ್ಲಿ ಮತ್ತೆ 1750ರಿಂದ ಶುರು. ಪಾಠ ಮಾಡುವವರಿಗೆ ಇದು ಅನುಕೂಲ ಇರಬಹುದು. ನೋಡುವವರಿಗೆ ಮಾತ್ರ ಇವೆರಡೂ ಬೇರೆ ಬೇರೆ ಕಥೆ ಅನ್ನುವ ಭಾವನೆ ಕೂತುಬಿಡುತ್ತದೆ. ಅವು ಬೇರೆ ಕಥೆಗಳಲ್ಲ. ಅದೇ ವರ್ಷಗಳು, ಅದೇ ಬ್ರಿಟಿಷ್ ಪಾರ್ಲಿಮೆಂಟು, ಎಷ್ಟೋ ಕಡೆ ಅದೇ ಜನ.

ಇದನ್ನು ಕೋರ್ಸ್ ಮಾಡಿದವರಿಗೆ ಗೊತ್ತಿಲ್ಲ ಅಂತಲ್ಲ. ಹತ್ತಿಯ ಪಾಠ ನೋಡಿ, ಅಲ್ಲಿ ಎರಡನ್ನೂ ಎಷ್ಟು ಚೆನ್ನಾಗಿ ಹೆಣೆದಿದ್ದಾರೆ! ನನಗೆ ಇಡೀ ಕೋರ್ಸಿನಲ್ಲಿ ಬಹಳ ಇಷ್ಟವಾದ ಪಾಠಗಳಲ್ಲಿ ಅದೂ ಒಂದು. ಸಾಮಾನ್ಯವಾಗಿ ಎಲ್ಲರೂ ಈ ಕಥೆಯನ್ನು ಯಂತ್ರದಿಂದ ಶುರು ಮಾಡುತ್ತಾರೆ, ಹಾರ್‌ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್ ಅಂತ ನೂಲುವ ಯಂತ್ರ ಮಾಡಿದವರ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಇವರು ಬಟ್ಟೆಯಿಂದ ಶುರು ಮಾಡುತ್ತಾರೆ. ಭಾರತದ ಬಣ್ಣದ ಹತ್ತಿ ಬಟ್ಟೆ ಇಂಗ್ಲೆಂಡಿನ ಜನಕ್ಕೆ ಎಷ್ಟು ಹಿಡಿಸಿತ್ತು ಅಂದರೆ, ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಗಲಾಟೆ ಎಬ್ಬಿಸಿ 1700ರಲ್ಲಿ ಒಂದು ಕಾನೂನು, 1721ರಲ್ಲಿ ಇನ್ನೊಂದು ಕಾನೂನು ಮಾಡಿಸಿಕೊಂಡರು. ಎರಡನೇ ಕಾನೂನಿನ ಪ್ರಕಾರ ಬಹುತೇಕ ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು ಮಾರುವುದಿರಲಿ, ತೊಡುವುದೂ ತಪ್ಪು. ಹೀಗೆ ಬೇಲಿ ಕಟ್ಟಿಕೊಂಡ ಮೇಲೆ ಅದರ ಒಳಗೆ ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆ ತನ್ನ ಹತ್ತಿ ಉದ್ಯಮ ಬೆಳೆಸಿತು. 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ನೀರಿನ ಬಲದಿಂದ ಓಡುವ ನೂಲಿನ ಗಿರಣಿ ಶುರು ಮಾಡಿದ. ಮುಂದಿನ ಶತಮಾನದಲ್ಲಿ ಅದೇ ದೇಶ ಭಾರತಕ್ಕೆ ಮುಕ್ತ ವ್ಯಾಪಾರದ ಪಾಠ ಹೇಳಿತು. ಬೇರೆ ದೇಶದ ಬಟ್ಟೆಯನ್ನು ತಡೆದು ತಾನು ಗಟ್ಟಿಯಾದ ಮೇಲೆ, ತಡೆಯುವುದು ತಪ್ಪು ಅಂತ ಬೇರೆಯವರಿಗೆ ಹೇಳಿದ್ದು. ಈ ಒಂದು ವಿಷಯ ಅರ್ಥವಾದರೆ ಆ ಕಾಲದ ಅರ್ಧ ಜಗಳ ಅರ್ಥವಾದ ಹಾಗೆ.

ಅದೇ ಪಾಠದಲ್ಲಿ ಮ್ಯೂಲ್ ಅನ್ನುವ ನೂಲುವ ಯಂತ್ರ ಓಡುವುದನ್ನು ತೋರಿಸುತ್ತಾರೆ. ತಕಲಿಗಳ ಸಾಲು ಇರುವ ಗಾಡಿ ಹಳಿಯ ಮೇಲೆ ಸುಮಾರು ಐದು ಅಡಿ ಹೊರಗೆ ಬರುತ್ತದೆ, ಎಳೆ ಉದ್ದವಾಗುತ್ತಾ ಹುರಿಗೊಳ್ಳುತ್ತದೆ, ಗಾಡಿ ವಾಪಸ್ ಹೋಗುವಾಗ ನೂಲು ಸುತ್ತಿಕೊಳ್ಳುತ್ತದೆ. ಹೊರಗೆ, ಒಳಗೆ, ಹೊರಗೆ, ಒಳಗೆ, ದಿನವಿಡೀ. ಹರಿದ ಎಳೆಗಳನ್ನು ಬೆರಳಲ್ಲಿ ಹೊಸೆದು ಕೂಡಿಸುವುದು ಮಕ್ಕಳ ಕೆಲಸ. ಇನ್ನೂ ಚಿಕ್ಕವರು ಗಾಡಿ ಹೊರಗೆ ಬಂದಾಗ ಎಳೆಗಳ ಕೆಳಗೆ ತೆವಳಿ ಬಿದ್ದ ಹತ್ತಿ ಗುಡಿಸಬೇಕು, ಅದು ಒಳಗೆ ಹೋಗುವಷ್ಟರಲ್ಲಿ ಈಚೆ ಬರಬೇಕು. ಇಲ್ಲಿ ಪಾಠ ಮಾಡುವವರು ಮಾತು ನಿಲ್ಲಿಸಿ ಯಂತ್ರದ ಸದ್ದು ಮಾತ್ರ ಕೇಳಿಸುತ್ತಾರೆ. ಮಕ್ಕಳ ದುಡಿಮೆ ಅಂತ ಪುಸ್ತಕದಲ್ಲಿ ಓದುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಲುಡ್ಡೈಟ್‌ಗಳ ಪಾಠವೂ ಅಷ್ಟೇ ಚೆನ್ನಾಗಿದೆ. ಯಂತ್ರ ಒಡೆದವರು ಅಂದ ತಕ್ಷಣ ಪ್ರಗತಿಗೆ ಹೆದರಿದ ಪೆದ್ದರು ಅನ್ನುವ ಅಭಿಪ್ರಾಯ ಇದೆಯಲ್ಲ, ಅದನ್ನು ಈ ಪಾಠ ಸರಿಯಾಗಿ ಬಿಡಿಸುತ್ತದೆ. 1811ರಲ್ಲಿ ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ನೇಯುವವರು ಎದುರಿಗೆ ಕಂಡ ಯಂತ್ರವನ್ನೆಲ್ಲ ಒಡೆಯಲಿಲ್ಲ. ಅವರೇ ವರ್ಷಗಟ್ಟಲೆ ಯಂತ್ರದ ಮೇಲೆ ಕೂತು ನೇಯ್ದವರು. ಕಳಪೆ ಮಾಲು ಮಾಡಿಸುವ, ಕೆಲಸ ಕಲಿಯದವರನ್ನು ಕಡಿಮೆ ಕೂಲಿಗೆ ಇಟ್ಟುಕೊಳ್ಳುವ ಮಾಲೀಕರ ಯಂತ್ರಗಳನ್ನು ಹುಡುಕಿ ಒಡೆದರು. ಅಂದರೆ ಜಗಳ ಇದ್ದದ್ದು ಕೂಲಿ ಮತ್ತು ಕಸುಬಿನ ಮರ್ಯಾದೆ ಬಗ್ಗೆ. 1812ರಲ್ಲಿ ಯಂತ್ರ ಒಡೆದರೆ ಗಲ್ಲು ಅನ್ನುವ ಕಾನೂನು ಬಂತು. ಕವಿ ಬೈರನ್ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯಲ್ಲಿ ಮಾಡಿದ ಮೊದಲ ಭಾಷಣವೇ ಅದರ ವಿರುದ್ಧ. ಪ್ರಯೋಜನವಾಗಲಿಲ್ಲ. 1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ 17 ಜನರನ್ನು ಗಲ್ಲಿಗೆ ಹಾಕಿದರು. ಇದಾದ ಮೇಲೆ 1819ರ ಪೀಟರ್‌ಲೂ (ಮ್ಯಾಂಚೆಸ್ಟರಿನಲ್ಲಿ ಜನರ ಸಭೆಯ ಮೇಲೆ ಕುದುರೆ ಸೈನಿಕರು ನುಗ್ಗಿದ್ದು), ಮತದಾನದ ಹಕ್ಕಿಗಾಗಿ ಹೋರಾಡಿದ ಚಾರ್ಟಿಸ್ಟರ ಆರು ಬೇಡಿಕೆ ಎಲ್ಲ ಬರುತ್ತವೆ. ಅವೂ ಸರಿಯಾಗಿವೆ, ಹೊಸದಾಗಿ ಹೇಳುವಂಥದ್ದು ಜಾಸ್ತಿ ಇಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. 1833ನೇ ಇಸವಿ ತೆಗೆದುಕೊಳ್ಳಿ. ಆ ವರ್ಷ ಬ್ರಿಟಿಷ್ ಪಾರ್ಲಿಮೆಂಟ್ ಮೂರು ದೊಡ್ಡ ಕಾನೂನು ಮಾಡಿತು. ಒಂದು, ಕಾರ್ಖಾನೆ ಕಾಯ್ದೆ: ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸುವ ಹಾಗಿಲ್ಲ, ಹದಿಮೂರರ ತನಕ ವಾರಕ್ಕೆ 48 ಗಂಟೆ ಮಾತ್ರ, ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ಕು ಇನ್‌ಸ್ಪೆಕ್ಟರುಗಳು. ಎರಡು, ಗುಲಾಮಗಿರಿ ರದ್ದು ಕಾಯ್ದೆ. ಮೂರು, ಈಸ್ಟ್ ಇಂಡಿಯಾ ಕಂಪನಿಯ ಚಾರ್ಟರ್ (ಸನ್ನದು) ಕಾಯ್ದೆ, ಅದರಿಂದ ಕಂಪನಿಯ ವ್ಯಾಪಾರವೇ ನಿಂತಿತು, ಚೀನಾದ ಚಹಾ ವ್ಯಾಪಾರದ ಏಕಸ್ವಾಮ್ಯವೂ ಹೋಯಿತು. ಮೂರೂ ಪಾಸಾದದ್ದು ಆಗಸ್ಟ್ ಕೊನೆಯ ಒಂದೇ ವಾರದಲ್ಲಿ. ಕೋರ್ಸಿನಲ್ಲಿ ಇವು ಮೂರು ಬೇರೆ ಪಾಠದಲ್ಲಿವೆ. ಒಂದು ಮೊದಲ ಭಾಗದಲ್ಲಿ, ಎರಡು ಎರಡನೇ ಭಾಗದಲ್ಲಿ. ಒಂದರ ಪಾಠದಲ್ಲಿ ಇನ್ನೊಂದರ ಹೆಸರೂ ಬರುವುದಿಲ್ಲ. ಬೇಜಾರಾಗುತ್ತೆ.

ಯಾಕೆ ಅಂದರೆ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಆ ಕಾಲದ ಮನಸ್ಸು ಕಾಣುವುದು. ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಯಾರಿಗೆ? ಗುಲಾಮರಿಗಲ್ಲ, ಅವರ ಮಾಲೀಕರಿಗೆ. 2 ಕೋಟಿ ಪೌಂಡ್, ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸುಮಾರು ಶೇ. 40ರಷ್ಟು. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರು ಅದೇ ತೋಟಗಳಲ್ಲಿ ಇನ್ನೂ ಕೆಲವು ವರ್ಷ ಅಪ್ರೆಂಟಿಸ್ ಅನ್ನುವ ಹೆಸರಲ್ಲಿ ದುಡಿಯಬೇಕಾಯಿತು, ಅದು ಮುಗಿದದ್ದು 1838ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ ಆ ಕಾನೂನು ಅನ್ವಯಿಸಲೇ ಇಲ್ಲ. ಭಾರತಕ್ಕೆ ಗುಲಾಮಗಿರಿ ಕುರಿತ ಕಾಯ್ದೆ ಬಂದಿದ್ದು 1843ರಲ್ಲಿ. ಇನ್ನು ಕಬ್ಬಿನ ತೋಟಗಳಿಗೆ ಆಳು ಬೇಕಲ್ಲ, 1834ರಿಂದ ಭಾರತದ ಕೂಲಿಗಳನ್ನು ಕರಾರು ಬರೆಸಿಕೊಂಡು ಮಾರಿಷಸ್‌ಗೆ, ಆಮೇಲೆ ಕೆರಿಬಿಯನ್ನಿಗೆ, ಫಿಜಿಗೆ ಹಡಗಿನಲ್ಲಿ ಕಳಿಸಿದರು. ಈ ಪದ್ಧತಿಯಲ್ಲಿ ಜನರನ್ನು ಸಾಗಿಸುವುದು ನಿಂತಿದ್ದು 1917ರಲ್ಲಿ. ಮ್ಯಾಂಚೆಸ್ಟರಿನ ಮಗುವಿನ ಕೆಲಸದ ಗಂಟೆ ಎಣಿಸಿದ ಅದೇ ಪಾರ್ಲಿಮೆಂಟು, ಅದೇ ವಾರ, ಭಾರತದ ಜೀತದಾಳನ್ನು ಲೆಕ್ಕದ ಹೊರಗಿಟ್ಟಿತು. ಯಾರ ನೋವು ಎಣಿಕೆಗೆ ಬರುತ್ತದೆ, ಯಾರದು ಬರುವುದಿಲ್ಲ ಅನ್ನುವುದೇ ಆ ಯುಗದ ದೊಡ್ಡ ಜಗಳ. ಅದನ್ನು ಕೋರ್ಸ್ ಕೈಯಲ್ಲೇ ಹಿಡಿದುಕೊಂಡು ಬಿಟ್ಟುಬಿಟ್ಟಿದೆ.

ವಿಚಾರಗಳ ಪಾಠದಲ್ಲೂ ಇದೇ ತೊಂದರೆ. ಆಡಂ ಸ್ಮಿತ್, ಮಾರ್ಕ್ಸ್, ಎಂಗೆಲ್ಸ್, ಜಾನ್ ಸ್ಟುವರ್ಟ್ ಮಿಲ್ ಎಲ್ಲರೂ ಬರುತ್ತಾರೆ. ಬಂಡವಾಳಶಾಹಿ, ಸಮಾಜವಾದ, ಉದಾರವಾದ ಅಂತ ಬೋರ್ಡಿನ ಮೇಲೆ ಮೂರು ಕಾಲಂ. ಪರೀಕ್ಷೆಗೆ ಸಾಕು. ಆದರೆ ಮಿಲ್ ಬಗ್ಗೆ ಹೇಳುವಾಗ, ಆತ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲೇ ನೌಕರಿ ಮಾಡಿದವನು ಅನ್ನುವುದನ್ನು ಹೇಳದೆ ಇರಬಹುದಾ? ವ್ಯಕ್ತಿಯ ಸ್ವಾತಂತ್ರ್ಯದ ಬಗ್ಗೆ ಅಷ್ಟು ಗಟ್ಟಿಯಾಗಿ 1859ರಲ್ಲಿ ಬರೆದವನು, ಅದೇ ಪುಸ್ತಕದಲ್ಲಿ ಈ ತತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸುವುದಿಲ್ಲ, ಅಂಥವರ ಮೇಲೆ ಸರ್ವಾಧಿಕಾರ ನಡೆಸಿದರೂ ಸರಿಯೇ ಅಂತ ಬರೆದ. ಮಿಲ್ ಸಣ್ಣ ಮನುಷ್ಯ ಅಂತ ನಾನು ಹೇಳುತ್ತಿಲ್ಲ, ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಕೇಳಿದವನು ಆತ. ಅಂಥವನಿಗೂ ಈ ಗೆರೆ ಸಹಜವಾಗಿ ಕಂಡಿತ್ತು ಅನ್ನುವುದೇ ಮುಖ್ಯ. ಇನ್ನೊಂದು ಕಡೆ, ಭಾರತದ ಸಂಪತ್ತು ಹೇಗೆ ಸೋರಿಹೋಗುತ್ತಿದೆ ಅಂತ ಬ್ರಿಟಿಷರ ಅಂಕಿಅಂಶಗಳಿಂದಲೇ ತೋರಿಸಿ, 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದಿಂದ ಗೆದ್ದು ಅದೇ ಪಾರ್ಲಿಮೆಂಟಿನಲ್ಲಿ ಕೂತ ದಾದಾಭಾಯಿ ನವರೋಜಿಗೆ ಕೋರ್ಸ್ ಕೊಟ್ಟಿರುವುದು ಒಂದೇ ನಿಮಿಷ. ವಿಚಾರ ಅಂದರೆ ಯುರೋಪಿನವರದು, ಉಳಿದವರದು ಬರೀ ಹೋರಾಟ ಅನ್ನುವ ಹಾಗಾಗಿದೆ. ಇದು ಸರಿಯಲ್ಲ.

ಬ್ರಿಟನ್ ಮತ್ತು ಚೀನಾ ನಡುವಿನ ಅಫೀಮು ಯುದ್ಧದ ಪಾಠಕ್ಕೆ ಪೂರ್ತಿ ಅಂಕ ಕೊಡಬಹುದು. 1839ರಲ್ಲಿ ಲಿನ್ ಝೆಷು ಅನ್ನುವ ಚೀನಾದ ಅಧಿಕಾರಿ ಹ್ಯೂಮೆನ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ನಾಶ ಮಾಡಿಸಿದ್ದನ್ನು ಹಂತ ಹಂತವಾಗಿ ತೋರಿಸುತ್ತಾರೆ. ದೊಡ್ಡ ಹೊಂಡ ತೋಡಿ, ನೀರು ಬಿಟ್ಟು, ಉಪ್ಪು ಸುರಿದು, ಅಫೀಮಿನ ಉಂಡೆಗಳನ್ನು ಒಡೆದು ಹಾಕಿ, ಮೇಲೆ ಸುಣ್ಣ ಹಾಕಿ ಕಲಕಿ, ಆಮೇಲೆ ತೂಬು ತೆಗೆದು ಸಮುದ್ರಕ್ಕೆ ಬಿಟ್ಟರು. ಹಾಗೆ ಬಿಡುವ ಮುಂಚೆ, ನಿನ್ನ ನೀರು ಕೆಡಿಸುತ್ತಿದ್ದೇನೆ, ಕ್ಷಮಿಸು ಅಂತ ಲಿನ್ ಸಮುದ್ರ ದೇವರಿಗೆ ಪ್ರಾರ್ಥನೆ ಬರೆದಿದ್ದ. ಆ ಅಫೀಮು ಎಲ್ಲಿಂದ ಬಂತು ಅಂತಲೂ ಪಾಠ ಹೇಳುತ್ತದೆ: ಬಿಹಾರದ ರೈತರು ಮುಂಗಡ ತೆಗೆದುಕೊಂಡು ಬೆಳೆದು, ಪಾಟ್ನಾ, ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಉಂಡೆಯಾಗಿ, ಕಲ್ಕತ್ತೆಯಲ್ಲಿ ಹರಾಜಾಗಿ ಚೀನಾಕ್ಕೆ ಹೋಗುತ್ತಿದ್ದದ್ದು. ಯುದ್ಧದಲ್ಲಿ ನೆಮೆಸಿಸ್ ಅನ್ನುವ ಕಬ್ಬಿಣದ ಹಬೆಹಡಗು ಚೀನಾದ ನದಿಗಳೊಳಗೆ ನುಗ್ಗಿದ್ದು, 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿಗೆ ಹೋಗಿದ್ದು, ಚೀನಾ 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ ಕಟ್ಟಿದ್ದು, ಅದರಲ್ಲಿ ನಾಶ ಮಾಡಿದ ಅಫೀಮಿನ ಬೆಲೆಯೂ ಸೇರಿದ್ದು ಎಲ್ಲ ಇದೆ. 1833ರ ಕಾಯ್ದೆಯಿಂದ ಕಂಪನಿಯ ಏಕಸ್ವಾಮ್ಯ ಹೋಗಿ ಖಾಸಗಿ ವ್ಯಾಪಾರಿಗಳು ಮುಗಿಬಿದ್ದರು ಅನ್ನುವ ಒಂದು ವಾಕ್ಯ ಸೇರಿಸಿದ್ದರೆ ಕಾರಣವೂ ಸ್ಪಷ್ಟವಾಗುತ್ತಿತ್ತು.

ರೈಲಿನ ಪಾಠ ಪರವಾಗಿಲ್ಲ. 1853ರಲ್ಲಿ ಬಾಂಬೆಯ ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ರೈಲು, ಬ್ರಿಟಿಷ್ ಹೂಡಿಕೆದಾರರಿಗೆ ಕೊಟ್ಟ ಶೇ. 5 ಲಾಭದ ಖಾತರಿ, ನಷ್ಟವಾದರೆ ಅದನ್ನು ತುಂಬಿಕೊಡುವುದು ಭಾರತದ ತೆರಿಗೆ ಹಣ. ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ 1876-78ರ ಬರ ಬಂದಾಗ ಕೈಗೆಟುಕುವ ಉದಾಹರಣೆ ಬಿಟ್ಟುಬಿಟ್ಟರು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಅಂತ ಹೇಳುತ್ತಿದ್ದದ್ದು ಇದೇ. ರೈಲು ಇತ್ತು, ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು, 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆಯಿತು, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಕೂಲಿ ನಿಗದಿ ಮಾಡಿದರು. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಅಲ್ಲ. ಸರ್ಕಾರ ಮಾರುಕಟ್ಟೆಯಲ್ಲಿ ಕೈಹಾಕಬಾರದು ಅನ್ನುವ ವಿಚಾರ ಮೊದಲ ಭಾಗದಲ್ಲಿ ಬರೀ ಬೋರ್ಡಿನ ಮೇಲಿತ್ತು. ಇಲ್ಲಿ ಅದು ಜನರ ಹೊಟ್ಟೆಯ ಮೇಲೆ ಬಂದು ಕೂತಿತ್ತು. ಈ ಎರಡನ್ನು ಕೂಡಿಸಿ ತೋರಿಸಬೇಕಿತ್ತು, ಅಲ್ವಾ?

ಹತ್ತಿಯ ಬರದ ಬಗ್ಗೆಯೂ ಒಂದು ಮಾತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರ್ ಗಿರಣಿಗಳು ಮುಚ್ಚಿದವು. ಹಸಿದಿದ್ದರೂ ಮ್ಯಾಂಚೆಸ್ಟರಿನ ಕಾರ್ಮಿಕರು ಗುಲಾಮಗಿರಿ ವಿರುದ್ಧ ಲಿಂಕನ್ ಪರವಾಗಿ ಪತ್ರ ಬರೆದರು, 1863ರ ಜನವರಿಯಲ್ಲಿ ಲಿಂಕನ್ ಉತ್ತರ ಬರೆದ. ಕೋರ್ಸ್ ಇದನ್ನು ಮನಮುಟ್ಟುವ ಹಾಗೆ ಹೇಳುತ್ತದೆ, ನನಗೂ ಇಷ್ಟವಾಯಿತು. ಆದರೆ ಅದೇ ಹೊತ್ತಿಗೆ ಮ್ಯಾಂಚೆಸ್ಟರಿನ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿದ್ದಿತ್ತು. ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರದ ಬಂದರು ಬೇಕಿತ್ತು. ಅಲ್ಲಿವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಸೇರಿತು, ಅದರ ಹಿಂದೆ ಈ ಹತ್ತಿ ವ್ಯಾಪಾರದ ಒತ್ತಡ ಇತ್ತು. ಬಾಂಬೆಯಲ್ಲಿ ಹತ್ತಿ ಹಣದಿಂದ ಷೇರು ಹುಚ್ಚು ಹತ್ತಿ, ಯುದ್ಧ ಮುಗಿದ 1865ರಲ್ಲಿ ಎಲ್ಲ ಕುಸಿದುಬಿತ್ತು. ಕನ್ನಡದಲ್ಲಿ ಮಾಡಿದ ಕೋರ್ಸಿನಲ್ಲಿ ಇಷ್ಟು ಹತ್ತಿರದ ವಿಷಯ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಕಾಂಗೋ ಪಾಠಕ್ಕಾಗಿಯೇ ಈ ಕೋರ್ಸ್ ತೆಗೆದುಕೊಳ್ಳಬಹುದು. 1884-85ರ ಬರ್ಲಿನ್ ಸಮ್ಮೇಳನದಲ್ಲಿ 14 ದೇಶಗಳು ಕೂತವು, ಒಬ್ಬ ಆಫ್ರಿಕದವನೂ ಇರಲಿಲ್ಲ. ಬೆಲ್ಜಿಯಂ ರಾಜ ಲಿಯೋಪೋಲ್ಡ್ ಕಾಂಗೋವನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ತಂದ ಮೇಲೆ ರಬ್ಬರಿಗೆ ಬೇಡಿಕೆ ಏರಿತು, ಕಾಂಗೋ ಕಾಡಿನ ರಬ್ಬರು ಚಿನ್ನವಾಯಿತು. ಪಾಠ ಇದನ್ನೆಲ್ಲ ಎಡ್ಮಂಡ್ ಮೊರೆಲ್ ಅನ್ನುವ ಹಡಗು ಕಂಪನಿಯ ಗುಮಾಸ್ತನ ಕಣ್ಣಿಂದ ಹೇಳುತ್ತದೆ. ಆತ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಲೆಕ್ಕ ನೋಡುತ್ತಾನೆ: ಬರುವ ಹಡಗಿನ ತುಂಬಾ ರಬ್ಬರು, ದಂತ. ಹೋಗುವ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು. ಕೊಳ್ಳುವುದಕ್ಕೆ ಬದಲಾಗಿ ಕೊಡುವ ಮಾಲು ಎಲ್ಲಿ? ಇಲ್ಲ. ಹಾಗಾದರೆ ಇದು ವ್ಯಾಪಾರವೇ ಅಲ್ಲ, ಬಲವಂತದ ದುಡಿಮೆ. ಒಂದು ಲೆಕ್ಕದ ಪುಸ್ತಕದಿಂದ ಇಷ್ಟು ದೊಡ್ಡ ಅನ್ಯಾಯ ಹೊರಗೆ ಬಂತು. ಬ್ರಿಟಿಷ್ ರಾಯಭಾರ ಅಧಿಕಾರಿ ಕೇಸ್‌ಮೆಂಟ್‌ನ 1904ರ ವರದಿ, ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಫೋಟೋಗಳು, ಬ್ರಿಟನ್ನಿನ ಊರೂರಿನಲ್ಲಿ ಅವುಗಳನ್ನು ಪರದೆಯ ಮೇಲೆ ತೋರಿಸಿದ ಸಭೆಗಳು, ಕೊನೆಗೆ 1908ರಲ್ಲಿ ಲಿಯೋಪೋಲ್ಡ್ ಕೈಯಿಂದ ಕಾಂಗೋ ಹೋಗಿದ್ದು ಎಲ್ಲ ಬರುತ್ತದೆ. ಮಗಳ ಕತ್ತರಿಸಿದ ಕೈಕಾಲನ್ನು ನೋಡುತ್ತಾ ಕೂತ ತಂದೆಯ ಚಿತ್ರ ಇದೆ, ಮೊದಲೇ ಎಚ್ಚರಿಕೆ ಕೊಡುತ್ತಾರೆ. ಮಕ್ಕಳ ಜೊತೆ ನೋಡುವವರು ಗಮನಿಸಿ. ಈ ಒಂದು ಪಾಠದಲ್ಲಿ ಕಾರ್ಖಾನೆ, ಬಂದರು, ಕಾಡು, ಬಂದೂಕು ಎಲ್ಲ ಒಂದೇ ಸಾಲಿನಲ್ಲಿ ಬಂದಿವೆ. ಇಡೀ ಕೋರ್ಸ್ ಹೀಗೇ ಇರಬೇಕಿತ್ತು.

ಅಡುವಾ ಕದನಕ್ಕೆ ಮಾತ್ರ ಅನ್ಯಾಯ ಮಾಡಿದ್ದಾರೆ. 1896ರ ಮಾರ್ಚ್ 1ರಂದು ಇಥಿಯೋಪಿಯಾದ ಮೆನೆಲಿಕ್ ಇಟಲಿಯ ಸೈನ್ಯವನ್ನು ಸೋಲಿಸಿದ್ದು ಎರಡು ವಾಕ್ಯದಲ್ಲಿ ಮುಗಿಯುವ ವಿಷಯವಾ? ಆತ ವರ್ಷಗಳ ಮುಂಚಿನಿಂದ ಯುರೋಪಿನವರಿಂದಲೇ ಬಂದೂಕು ಕೂಡಿಹಾಕಿದ್ದ. ಎರಡು ವರ್ಷದ ನಂತರ ಸುಡಾನಿನ ಒಮ್ದುರ್ಮಾನ್‌ನಲ್ಲಿ ಬ್ರಿಟಿಷ್ ಸೈನ್ಯದ ಮ್ಯಾಕ್ಸಿಮ್ ಮೆಷಿನ್ ಗನ್ ಎದುರು ಒಂದೇ ಬೆಳಿಗ್ಗೆ ಸುಡಾನಿನ ಸುಮಾರು ಹತ್ತು ಸಾವಿರ ಜನ ಸತ್ತರು. ಈ ಎರಡನ್ನು ಜೊತೆಗೆ ಹೇಳಿದರೆ ಆಯುಧ ಯಾರ ಕೈಯಲ್ಲಿತ್ತು ಅನ್ನುವುದು ಎಷ್ಟು ಮುಖ್ಯವಾಗಿತ್ತು ಅಂತ ಗೊತ್ತಾಗುತ್ತದೆ.

ಉಳಿದ ಸಣ್ಣಪುಟ್ಟದ್ದು. ಧ್ವನಿ ಸ್ಪಷ್ಟ, ಮೊಬೈಲಿನಲ್ಲೂ ನಕ್ಷೆ ಓದಬಹುದು. ಸಬ್‌ಟೈಟಲ್‌ನಲ್ಲಿ ಹೆಸರುಗಳು ಒಂದೊಂದು ಕಡೆ ಒಂದೊಂದು ಥರ ಇವೆ, ಹುಡುಕುವಾಗ ತೊಂದರೆ. ಪಾಠದ ಕೊನೆಯ ಪ್ರಶ್ನೆಗಳು ಬೇಡವಾಗಿತ್ತು ಅನ್ನಿಸುವಷ್ಟು ಸಪ್ಪೆ. ಜೇಮ್ಸ್ ವಾಟ್ ಪೇಟೆಂಟ್ ಪಡೆದ ವರ್ಷ ಯಾವುದು? 1769, ಸರಿ, ಮುಂದೆ? ಇಷ್ಟು ಒಳ್ಳೆಯ ಪಾಠ ಮಾಡಿದವರು ಯೋಚನೆ ಮಾಡಿಸುವ ಪ್ರಶ್ನೆ ಕೇಳಬಹುದಿತ್ತು. ಆಂಟ್ವರ್ಪಿನ ಆ ಸರಕುಪಟ್ಟಿ ಕೊಟ್ಟು, ಇದರಲ್ಲಿ ಏನು ಕಾಣೆಯಾಗಿದೆ ಅಂತ ಕೇಳಿದ್ದರೆ ಸಾಕಿತ್ತು.

ತೆಗೆದುಕೊಳ್ಳುವವರಿಗೆ ಒಂದು ಸಲಹೆ, ಅವರು ಕೊಟ್ಟ ಕ್ರಮದಲ್ಲಿ ನೋಡಬೇಡಿ. ಮೊದಲು ಹತ್ತಿ, ಆಮೇಲೆ ಲುಡ್ಡೈಟ್ ಪಾಠ ನೋಡಿ. ಅಲ್ಲಿಂದ ಕಾರ್ಖಾನೆ ಕಾಯ್ದೆ, ಗುಲಾಮಗಿರಿ ರದ್ದು, ಕಂಪನಿ ಚಾರ್ಟರ್, ಮೂರನ್ನೂ ಒಂದರ ಹಿಂದೆ ಒಂದು ನೋಡಿ, ಆಗ ಅಫೀಮು ಯುದ್ಧ ತಾನಾಗಿಯೇ ಮುಂದಿನ ಪಾಠವಾಗುತ್ತದೆ. ರೈಲು ಮತ್ತು ಬರ ಒಟ್ಟಿಗೆ. ವಿಚಾರಗಳ ಪಾಠವನ್ನು ಅದಾದ ಮೇಲೆ ನೋಡಿದರೆ ಬೋರ್ಡಿನ ಮೇಲಿನ ಮೂರು ಕಾಲಂಗೆ ಜೀವ ಬರುತ್ತದೆ. ಕಾಂಗೋ ಕೊನೆಗೆ, ಒಂದೇ ಕೂತಲ್ಲಿ, ನಡುವೆ ನಿಲ್ಲಿಸದೆ.